ಜಾರ್ಜಿಯನ್ ಬೆಳ್ಳಿ ಗುರುತಿಸೋದು ಹೇಗೆ: ಸಿಂಹದ ಮುದ್ರೆಯನ್ನು ಕೊನೆಗೆ ನೋಡಿ

ವಾರಕ್ಕೆ ಒಂದಾದರೂ ಫೋಟೋ ಬರುತ್ತದೆ. ಚಮಚದ ಬೆನ್ನು, ಮಸುಕುಮಸುಕಾಗಿ ನಾಲ್ಕು ಮುದ್ರೆ, ಕೆಳಗೆ ಒಂದೇ ಪ್ರಶ್ನೆ: "ಸಿಂಹ ಇದೆ ಸಾರ್, ಜಾರ್ಜಿಯನ್ ತಾನೆ?" ಸಿಂಹ ಅಂದರೆ ಇಂಗ್ಲಿಷ್ ಬೆಳ್ಳಿಯ ಶುದ್ಧತೆಯ ಮುದ್ರೆ, ಕಾಲದ್ದಲ್ಲ. ಬಹಳ ಸಲ ಆ ಚಮಚ ಜಾರ್ಜಿಯನ್ ಅಲ್ಲ. ಇಲ್ಲಿ ಇಂಗ್ಲೆಂಡಿನ ಭಾನುವಾರದ ಹಳೇ ಸಾಮಾನಿನ ಸಂತೆಗಳಲ್ಲಿ ನಮ್ಮ ಕನ್ನಡದವರೇ ಎಷ್ಟೋ ಜನ ಇದೇ ತಪ್ಪು ಮಾಡೋದನ್ನ ನೋಡಿದ್ದೇನೆ. ಮೊದಲು ಮುದ್ರೆ ನೋಡುತ್ತಾರೆ, ಸಿಂಹ ಕಂಡ ಕೂಡಲೇ ಮನಸ್ಸು ಒಪ್ಪಿಬಿಡುತ್ತದೆ, ಆಮೇಲೆ ಏನು ಕಂಡರೂ ಅದು ಸರಿಯಾಗಿಯೇ ಕಾಣುತ್ತದೆ.

ಅದಕ್ಕೇ ಈ ಕ್ರಮ. ಮೊದಲು ಲೋಹ, ಆಮೇಲೆ ಆಕಾರ, ಆಮೇಲೆ ಬೆಸುಗೆ, ಅದಾದ ಮೇಲಷ್ಟೇ ಮುದ್ರೆ. ಜಾರ್ಜಿಯನ್ ಅಂದರೆ 1714ರಿಂದ 1830ರವರೆಗಿನ ನಾಲ್ವರು ಜಾರ್ಜ್ ದೊರೆಗಳ ಕಾಲ. ಇತಿಹಾಸ ಇಷ್ಟು ಸಾಕು.

ಜೇಬಿನಲ್ಲಿ ಇರಬೇಕಾದದ್ದು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಅಂದರೆ ಅಕ್ಕಸಾಲಿಗರು ಕಣ್ಣಿಗೆ ಒತ್ತಿಕೊಳ್ಳುವ ಆ ಸಣ್ಣ ಮಸೂರ. ಗ್ರಾಂನಲ್ಲಿ ತೂಗುವ ಪುಟ್ಟ ತಕ್ಕಡಿ. ಒಂದು ಟಾರ್ಚ್, ಮೆತ್ತನೆ ಹತ್ತಿ ಬಟ್ಟೆ, ಮತ್ತು ಮುದ್ರೆಗಳ ಪಟ್ಟಿ ಇರುವ ಅಂಗೈಯಗಲದ ಪುಸ್ತಕ. ಮೊಬೈಲ್ ಕ್ಯಾಮೆರಾ ಲೂಪ್‌ನ ಬದಲಿಗೆ ಆಗೋದಿಲ್ಲ. ಅದು ಅಂಚುಗಳನ್ನು ತಾನೇ ಚೂಪು ಮಾಡಿ ತೋರಿಸುತ್ತದೆ, ನಮಗೆ ಬೇಕಾದದ್ದೇ ಆ ಅಂಚಿನ ನಿಜವಾದ ಸ್ಥಿತಿ.

ಆಮ್ಲದ ಬಾಟಲಿ ಬೇಡ. ಇನ್ನೂರು ವರ್ಷದ ಚಮಚದ ಮೇಲೆ ಒಂದು ಹನಿ ಬಿಟ್ಟರೂ ಕಲೆ ಉಳಿಯುತ್ತದೆ. ಅದೂ ಇನ್ನೂ ಅಂಗಡಿಯವನ ಚಮಚ!

ಹಂತ 1: ಇದು ಬೆಳ್ಳಿಯಾ, ಬೆಳ್ಳಿ ನೀರು ಕುಡಿಸಿದ್ದಾ?

ವಸ್ತುವನ್ನು ಕೈಗೆತ್ತಿಕೊಂಡು ಮೊದಲು ನೋಡಬೇಕಾದದ್ದು ಅದರ ಮೈ ಸವೆಯುವ ಜಾಗಗಳನ್ನು. ಚಮಚವಾದರೆ ಮೇಜಿಗೆ ತಾಗುವ ಬಟ್ಟಲಿನ ಬೆನ್ನು. ಪಾತ್ರೆಯಾದರೆ ಕಾಲು, ಅಂಚು, ಹಿಡಿಯ ಮೇಲ್ಭಾಗ. ಅಲ್ಲಿ ಕೆಂಪು ಇಣುಕಿದರೆ ಒಳಗೆ ತಾಮ್ರ. ಹಳದಿ ಮಿಶ್ರಿತ ಬೂದು ಬಣ್ಣ ಇಣುಕಿದರೆ ನಿಕ್ಕಲ್ ಕಲಸಿದ ಲೋಹ.

ತಾಮ್ರ ಕಂಡ ಕೂಡಲೇ ಕೆಳಗಿಟ್ಟು ಹೋಗಬೇಡಿ. ಷೆಫೀಲ್ಡಿನ ಥಾಮಸ್ ಬೋಲ್ಸೋವರ್ 1740ರ ದಶಕದ ಶುರುವಿನಲ್ಲಿ ತಾಮ್ರದ ಗಟ್ಟಿಗೆ ಬೆಳ್ಳಿಯ ಹಾಳೆಯನ್ನು ಕಾಯಿಸಿ ಅಂಟಿಸುವ ವಿಧಾನ ಕಂಡುಹಿಡಿದ. ಅದೇ ಓಲ್ಡ್ ಷೆಫೀಲ್ಡ್ ಪ್ಲೇಟ್. ಅದೂ ಜಾರ್ಜಿಯನ್ ಕಾಲದ್ದೇ, ಅದಕ್ಕೂ ಬೆಲೆಯಿದೆ, ಆದರೆ ಬೆಳ್ಳಿಯ ಬೆಲೆ ಅಲ್ಲ. ಕತ್ತರಿಸಿದ ಅಂಚಿನಲ್ಲಿ ತಾಮ್ರ ಕಾಣದಿರಲಿ ಅಂತ ಬೆಳ್ಳಿ ತಂತಿ ಬೆಸೆದಿರುತ್ತಾರೆ. ಅಂಚಿನ ಕೆಳಗೆ ಉಗುರು ಎಳೆದರೆ ಆ ತಂತಿಯ ಏಣು ಸಿಕ್ಕುತ್ತದೆ. ಒಳಭಾಗಕ್ಕೆ ಎಷ್ಟೋ ಸಲ ನಮ್ಮ ತಾಮ್ರದ ಹಂಡೆಗೆ ಹಾಕುವ ಹಾಗೆ ಕಲಾಯಿ ಹಾಕಿರುತ್ತಾರೆ.

ವಿದ್ಯುತ್ತಿನಿಂದ ಬೆಳ್ಳಿ ಹಿಡಿಸುವುದು ಬಂದದ್ದು 1840ರಲ್ಲಿ ಬರ್ಮಿಂಗ್‌ಹ್ಯಾಮಿನ ತಯಾರಕರಾದ ಎಲ್ಕಿಂಗ್ಟನ್ ಪೇಟೆಂಟ್ ಪಡೆದ ಮೇಲೆ. ಹಾಗಾಗಿ ಹೀಗೆ ಬೆಳ್ಳಿ ಹಿಡಿಸಿದ್ದಕ್ಕೆ ಹಾಕುವ 'ಇಪಿಎನ್‌ಎಸ್', 'ಇಪಿ', 'ಎ1' ಗುರುತು ಒತ್ತಿದ್ದರೆ ಲೂಪ್ ಜೇಬಿಗೆ ಹಾಕಿ. ಮೋಸ ಹೋಗುವುದು ಇಲ್ಲೇ ಜಾಸ್ತಿ. ಆ ಅಕ್ಷರಗಳನ್ನು ಒಂದೊಂದಾಗಿ ಪುಟ್ಟ ಗುರಾಣಿಯೊಳಗೆ, ಹಳೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿರುತ್ತಾರೆ, ದೂರದಿಂದ ಥೇಟ್ ಹಾಲ್‌ಮಾರ್ಕ್ ಸಾಲೇ. 'ಸ್ಟರ್ಲಿಂಗ್' ಅಂತ ಪೂರ್ತಿ ಪದ ಇದ್ದರೆ ಬಹುಮಟ್ಟಿಗೆ ಅಮೆರಿಕದ್ದು. 'ಇಂಗ್ಲೆಂಡ್' ಅಂತ ದೇಶದ ಹೆಸರಿದ್ದರೆ, ಇಲ್ಲಾ 925 ಅನ್ನೋ ಅಂಕಿ ಇದ್ದರೆ, ಎಷ್ಟೋ ಈಚಿನದು.

ಹಂತ 2: ಮುದ್ರೆ ಮುಚ್ಚಿ, ಆಕಾರದಿಂದ ಕಾಲ ಊಹಿಸಿ

ಮುದ್ರೆಯ ಮೇಲೆ ಹೆಬ್ಬೆರಳಿಡಿ. ನಿಜವಾಗಿಯೂ ಇಡಿ. ಈಗ ಆಕಾರ ನೋಡಿ, ಮನಸ್ಸಿನಲ್ಲೇ ಒಂದು ಕಾಲ ಹೇಳಿಕೊಳ್ಳಿ. ಆಮೇಲೆ ಮುದ್ರೆ ಬೇರೆ ಕಾಲ ಹೇಳಿದರೆ ಅಲ್ಲೇ ಎಚ್ಚರ.

ಚಮಚದ ಬಟ್ಟಲು ಮೇಲ್ಮುಖವಾಗಿರಲಿ. ಹಿಡಿಯ ತುದಿ ಮೇಲಕ್ಕೆ ಬಾಗಿದ್ದರೆ ಹ್ಯಾನೋವೇರಿಯನ್, 18ನೇ ಶತಮಾನದ ಮೊದಲರ್ಧದ ಮಾದರಿ. ಕೆಳಕ್ಕೆ ಬಾಗಿದ್ದರೆ ಓಲ್ಡ್ ಇಂಗ್ಲಿಷ್, ಹೆಚ್ಚುಕಡಿಮೆ 1760ರಿಂದ ಈಚೆಗೆ. ಹಿಡಿ ಪಿಟೀಲಿನ ಹಾಗೆ ತುದಿಯಲ್ಲಿ ಅಗಲವಾಗಿ, ಬಟ್ಟಲಿನ ಹತ್ತಿರ ಭುಜ ಇದ್ದರೆ ಫಿಡ್ಲ್, ಅದು ಓಡಿದ್ದು 1800ರ ಆಸುಪಾಸಿನಿಂದ.

ಇನ್ನೊಂದು ಸೂಕ್ಷ್ಮ ಹೇಳುತ್ತೇನೆ. ಹ್ಯಾನೋವೇರಿಯನ್ ಚಮಚಗಳನ್ನು ಆಗ ಮೇಜಿನ ಮೇಲೆ ಬೋರಲು ಇಡುತ್ತಿದ್ದರು, ಅದಕ್ಕೇ ಮನೆತನದ ಲಾಂಛನವನ್ನು ಹಿಡಿಯ ಬೆನ್ನಿಗೆ ಕೆತ್ತಿಸುತ್ತಿದ್ದರು. ಓಲ್ಡ್ ಇಂಗ್ಲಿಷ್ ಬಂದಾಗ ಲಾಂಛನ ಮುಂಭಾಗಕ್ಕೆ ಬಂತು. ಹ್ಯಾನೋವೇರಿಯನ್ ಹಿಡಿಯ ಮುಂಭಾಗದಲ್ಲಿ ಚೂಪಾದ ಹೊಸ ಲಾಂಛನ ಕಂಡರೆ ಅದನ್ನು ಆಮೇಲೆ ಯಾರೋ ಕೆತ್ತಿಸಿದ್ದು.

ಅಲಂಕಾರದ ವಿಷಯದಲ್ಲಂತೂ ಅನುಮಾನವೇ ಮೊದಲು ಇರಲಿ. ವಿಕ್ಟೋರಿಯಾ ಕಾಲದವರಿಗೆ ಸಾದಾ ಬೆಳ್ಳಿ ಕಂಡರೆ ಆಗುತ್ತಿರಲಿಲ್ಲ. ಅಜ್ಜನ ಕಾಲದ ನುಣುಪು ಮಗ್ಗು, ಹಾಲಿನ ಕುಡಿಕೆ, ಕಾಫಿ ಪಾಟ್‌ಗಳಿಗೆಲ್ಲ ಹೂಬಳ್ಳಿಯ ಉಬ್ಬುಕೆಲಸ ಮಾಡಿಸಿಬಿಟ್ಟರು. ದೊಡ್ಡ ಚಮಚಗಳ ಬಟ್ಟಲಿಗೆ ದ್ರಾಕ್ಷಿ, ಸೇಬು ಎಬ್ಬಿಸಿ, ಚಿನ್ನದ ಮುಲಾಮು ಹಾಕಿದ್ದಕ್ಕೆ ಬೆರ್ರಿ ಸ್ಪೂನ್ ಅನ್ನುತ್ತಾರೆ. ಚೆನ್ನಾಗಿಯೇ ಕಾಣುತ್ತವೆ, ಆದರೆ ನನಗೆ ಅವು ಮದುವೆಮನೆಯಲ್ಲಿ ಅಜ್ಜಿಗೆ ಮೇಕಪ್ ಮಾಡಿಸಿ ಕೂರಿಸಿದ ಹಾಗೆ. ಪರೀಕ್ಷೆ ಸುಲಭ: ಹೂವಿನ ಗೆರೆ ಮುದ್ರೆಯ ಮೇಲೇ ಹಾದುಹೋಗಿದ್ದರೆ ಮುದ್ರೆ ಮೊದಲು, ಹೂವು ಆಮೇಲೆ.

ಹಂತ 3: ಉಸಿರು ಊದಿ

ಇದಕ್ಕೆ ಕಾಸಿನ ಖರ್ಚಿಲ್ಲ, ಆದರೂ ಯಾರೂ ಮಾಡೋದಿಲ್ಲ. ಕನ್ನಡಕಕ್ಕೆ ಊದುವ ಹಾಗೆ ಬೆಳ್ಳಿಯ ಮೇಲೆ 'ಹಾ' ಅಂತ ಊದಿ. ಆವಿ ಕೂತು ಹಾರುವ ಆ ಒಂದೆರಡು ಸೆಕೆಂಡಿನಲ್ಲಿ ಹೊಳಪೆಲ್ಲ ಮಾಯವಾಗಿ ಬೆಸುಗೆಯ ಗೆರೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಊದಬೇಕಾದ ಜಾಗಗಳು: ಮುದ್ರೆಗಳ ಸುತ್ತ, ಮೂತಿಯ ಬುಡ, ಹಿಡಿಯ ಬುಡ, ಲಾಂಛನ ಇರುವ ಅಥವಾ ಇರಬೇಕಾಗಿದ್ದ ಜಾಗ.

ನಾನು ಇದನ್ನು ಕಲಿತದ್ದು ದುಡ್ಡು ಕಳೆದುಕೊಂಡೇ. ಒಂದು ಸಂತೆಯಲ್ಲಿ ನೀರಿನ ಜಗ್ಗು ಕೊಂಡೆ. ಮುದ್ರೆ ಒಂದೊಂದೂ ಅಪ್ಪಟ. ಮನೆಗೆ ಬಂದು ಕಿಟಕಿ ಬೆಳಕಿನಲ್ಲಿ ಊದಿದರೆ ಮೂತಿಯ ಸುತ್ತ ಬೂದು ದಾರ ಸುತ್ತಿದ ಹಾಗೆ ಗೆರೆ! ಒಳಗೆ ಬೆರಳು ಹಾಕಿದೆ, ಅಲ್ಲಿ ಮೈ ಕತ್ತರಿಸಿದ ಏಣು ಸಿಕ್ಕಿತು. ಬಿಯರ್ ಕುಡಿಯುವ ದೊಡ್ಡ ಮಗ್ಗಿಗೆ ನೂರು ವರ್ಷ ಬಿಟ್ಟು ಯಾರೋ ಮೂತಿ ಹಚ್ಚಿ ಜಗ್ಗು ಮಾಡಿದ್ದರು. ಹೀಗೆ ರೂಪ ಬದಲಿಸಿದ್ದನ್ನು, ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಗೆ ಒಪ್ಪಿಸದೆ ವ್ಯಾಪಾರದಲ್ಲಿ ಮಾರುವಂತಿಲ್ಲ, 1973ರ ಹಾಲ್‌ಮಾರ್ಕಿಂಗ್ ಕಾಯ್ದೆ ಹೇಳುವುದು ಇದನ್ನೇ. ಆದರೆ ಸಂತೆಯಲ್ಲಿ ಕಾಯ್ದೆ ಕೇಳೋರು ಯಾರು?

ಊದುವಾಗ ಅಲ್ಲಲ್ಲಿ ನೇರಳೆ ಮಿಶ್ರಿತ ಬೂದು ನೆರಳು ಕಂಡರೆ ಹೆದರಬೇಡಿ. ಕಾಯಿಸುವಾಗ ಬೆಳ್ಳಿಯೊಳಗಿನ ತಾಮ್ರ ಸುಟ್ಟು ಉಳಿದ ಕಲೆ ಅದು, ಫೈರ್‌ಸ್ಟೇನ್ ಅನ್ನುತ್ತಾರೆ. ಹಳೇ ಬೆಳ್ಳಿಯಲ್ಲಿ ಅದು ಒಳ್ಳೆ ಲಕ್ಷಣ. ಇಡೀ ವಸ್ತು ಒಂದೇ ಸಮ ಬೆಳ್ಳಗೆ ಹೊಳೆಯುತ್ತಿದ್ದರೇ ಯೋಚಿಸಬೇಕು, ಯಾವುದೋ ರಿಪೇರಿ ಮುಚ್ಚಲು ಮೇಲೆ ಬೆಳ್ಳಿ ನೀರು ಕೊಟ್ಟಿರಬಹುದು.

ಹಂತ 4: ಈಗ ಮುದ್ರೆ, ಅದೂ ಈ ಕ್ರಮದಲ್ಲಿ

ಚಿನ್ನದ ಒಡವೆಯ ಬಿಐಎಸ್ ಗುರುತು ನೋಡಿ ಅಭ್ಯಾಸ ಇರೋರಿಗೆ ಇದು ಕಷ್ಟವಲ್ಲ. ಲೆಕ್ಕ ಹಾಕಬೇಕಾದ ಪ್ರಶ್ನೆ ಐದು.

1. ಶುದ್ಧತೆ. ಒಂದು ಕಾಲೆತ್ತಿ ನಡೆಯುವ ಸಿಂಹ ಅಂದರೆ ಸ್ಟರ್ಲಿಂಗ್, ನೂರಕ್ಕೆ 92.5 ಪಾಲು ಬೆಳ್ಳಿ. 1697ರಿಂದ 1720ರವರೆಗೆ ಇದಕ್ಕಿಂತ ಶುದ್ಧವಾದ 95.8ರ ಬ್ರಿಟಾನಿಯಾ ಬೆಳ್ಳಿ ಕಡ್ಡಾಯವಾಗಿತ್ತು. ಆಗ ನಡೆಯುವ ಸಿಂಹದ ಬದಲು ಕೂತ ಹೆಂಗಸಿನ ಆಕೃತಿ ಮತ್ತು ಸಿಂಹದ ತಲೆ ಮಾತ್ರ. ಹಾಗಾಗಿ ಮೊದಲನೇ ಜಾರ್ಜ್ ಕಾಲದ ಶುರುವಿನ ವಸ್ತುವಿನಲ್ಲಿ ನಡೆಯುವ ಸಿಂಹ ಕಂಡರೆ ಏನೋ ತಪ್ಪಿದೆ.

2. ಊರು. ಚಿರತೆಯ ತಲೆ ಲಂಡನ್. ಲಂಗರು ಬರ್ಮಿಂಗ್‌ಹ್ಯಾಮ್, ಕಿರೀಟ ಷೆಫೀಲ್ಡ್, ಈ ಎರಡೂ ಕಚೇರಿ ಶುರುವಾದದ್ದು 1773ರಲ್ಲಿ. ಅದಕ್ಕೂ ಹಿಂದಿನ ವರ್ಷ ಹೇಳಿ ಲಂಗರು ತೋರಿಸಿದರೆ ನಕ್ಕು ಮುಂದೆ ಹೋಗಿ. ಕೋಟೆ ಎಡಿನ್‌ಬರೊ, ಕಿರೀಟ ಹೊತ್ತ ಹಾರ್ಪ್ ಡಬ್ಲಿನ್. ಟೀ ಚಮಚದಂಥ ಸಣ್ಣ ವಸ್ತುಗಳಿಗೆ ಎಷ್ಟೋ ಸಲ ಊರಿನ ಮುದ್ರೆ ಒತ್ತುತ್ತಿರಲಿಲ್ಲ, ಇಲ್ಲ ಅಂತ ತಳ್ಳಿಹಾಕಬೇಡಿ.

3. ತೆರಿಗೆ. 1784ರ ಡಿಸೆಂಬರ್ 1ರಿಂದ ತೆರಿಗೆ ಕಟ್ಟಿದ ಗುರುತಿಗೆ ದೊರೆಯ ತಲೆ ಒತ್ತಿದರು, 1890ರವರೆಗೂ ಇತ್ತು. ಮೊದಲ ಒಂದೂವರೆ ವರ್ಷ ತಲೆ ಒಳಗೆ ತಗ್ಗಾಗಿ, ಎಡಕ್ಕೆ ಮುಖ ಮಾಡಿದೆ. 1786ರಿಂದ ಉಬ್ಬಾಗಿ, ಬಲಕ್ಕೆ. ಉಬ್ಬಿದ ತಲೆ ಎಡಕ್ಕೆ ನೋಡುತ್ತಿದ್ದರೆ ಅದು ವಿಕ್ಟೋರಿಯಾ ರಾಣಿ, ಜಾರ್ಜಿಯನ್ ಅಲ್ಲ.

4. ವರ್ಷದ ಅಕ್ಷರ. ಮುದ್ರೆ ಹಾಕಿದ ವರ್ಷ ತಿಳಿಸುವ ಒಂದು ಇಂಗ್ಲಿಷ್ ಅಕ್ಷರ. ಕೆಳಗೆ ಹೇಳುತ್ತೇನೆ.

5. ಮಾಡಿದವರು. ಹೆಸರಿನ ಮೊದಲ ಅಕ್ಷರಗಳು. ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. 'ಎಚ್‌ಬಿ' ಕಂಡರೆ ಎಲ್ಲರಿಗೂ ಹೆಸ್ಟರ್ ಬೇಟ್‌ಮನ್, 'ಪಿಎಸ್' ಕಂಡರೆ ಪಾಲ್ ಸ್ಟಾರ್, ಇಬ್ಬರೂ ಲಂಡನ್ನಿನ ಹೆಸರಾಂತ ಅಕ್ಕಸಾಲಿಗರು. ಹೆಸ್ಟರ್ ಬೇಟ್‌ಮನ್ ತನ್ನ ಮುದ್ರೆ ನೋಂದಾಯಿಸಿದ್ದು 1761ರಲ್ಲಿ, ಕೆಲಸ ಬಿಟ್ಟದ್ದು 1790ರಲ್ಲಿ, ಅಕ್ಷರ ಕೈಬರಹದ ಶೈಲಿಯದು. ವರ್ಷ ಇದರ ಹೊರಗಿದ್ದರೆ, ಅಥವಾ ಅಕ್ಷರ ನೆಟ್ಟಗೆ ಅಚ್ಚಿನ ಹಾಗಿದ್ದರೆ, ಅವಳಲ್ಲ. ಹೆಸರಿದ್ದರೆ ಬೆಲೆ ಏರುತ್ತದೆ, ಅದಕ್ಕೇ ಸುಳ್ಳು ಮುದ್ರೆಗಳೂ ಅವಳ ಹೆಸರಿನಲ್ಲೇ ಜಾಸ್ತಿ.

ಹಂತ 5: ವರ್ಷದ ಅಕ್ಷರ, ಎಲ್ಲರೂ ಎಡವುವ ಜಾಗ

ಲಂಡನ್ ಕಚೇರಿ ಒಂದು ಸುತ್ತಿಗೆ ಇಪ್ಪತ್ತೇ ಅಕ್ಷರ ಬಳಸುತ್ತಿತ್ತು. 'ಎ'ಯಿಂದ 'ಯು'ವರೆಗೆ, ನಡುವೆ 'ಜೆ' ಇಲ್ಲ. ಸುತ್ತು ಶುರುವಾದ ವರ್ಷಗಳು 1716, 1736, 1756, 1776, 1796, 1816. ಪ್ರತಿ ಸುತ್ತಿಗೂ ಅಕ್ಷರದ ಶೈಲಿ, ಗುರಾಣಿಯ ಆಕಾರ ಬದಲು. ಅಕ್ಷರ ಬದಲಾಗುತ್ತಿದ್ದದ್ದು ಮೇ ಕೊನೆಯಲ್ಲಿ, ಹಾಗಾಗಿ ಒಂದು ಅಕ್ಷರ ಎರಡು ಕ್ಯಾಲೆಂಡರ್ ವರ್ಷಗಳ ಮೇಲೆ ಕೂರುತ್ತದೆ.

ತೊಂದರೆ ಏನಂದರೆ 1776ರ ಸುತ್ತೂ ಸಣ್ಣ ಅಕ್ಷರ, 1816ರ ಸುತ್ತೂ ಸಣ್ಣ ಅಕ್ಷರ. ಮೊನ್ನೆ ಒಬ್ಬರು ಕಳಿಸಿದ ಊಟದ ಚಮಚವನ್ನೇ ತಗೊಳ್ಳಿ. ಸಣ್ಣ 'ಜಿ' ಅಕ್ಷರ. ಬೆರಳೆಣಿಸಿ 1782 ಅಂತ ಬರೆದಿದ್ದರು. ಅದೇ ಅಕ್ಷರ 1822ಕ್ಕೂ ಬರುತ್ತದೆ. ಹೇಗೆ ಬಿಡಿಸೋದು? ಪಕ್ಕದ ಮುದ್ರೆಗಳನ್ನು ಕೇಳಬೇಕು. ದೊರೆಯ ತಲೆ ಇತ್ತು, ಅಂದರೆ 1784ರ ಈಚಿನದು. ಇದೊಂದಕ್ಕೇ ವಿಷಯ ಮುಗಿಯಿತು, ಆದರೂ ಇನ್ನೂ ನೋಡೋಣ. ಚಿರತೆಯ ತಲೆ ಬೋಳು. ಲಂಡನ್ನಿನ ಚಿರತೆ 1821ರವರೆಗೆ ಕಿರೀಟ ಹೊತ್ತಿತ್ತು, ಆಮೇಲೆ ಕಿರೀಟ ಹೋಯಿತು. ಸಿಂಹವೂ ಅದೇ ವರ್ಷದವರೆಗೆ ನಮ್ಮ ಕಡೆ ಮುಖ ತಿರುಗಿಸಿ ನಡೆಯುತ್ತಿತ್ತು, ಆಮೇಲೆ ನೇರ ಮುಂದೆ ನೋಡುತ್ತದೆ. ಇಲ್ಲಿ ನೇರ ನೋಡುತ್ತಿತ್ತು. ಹಿಡಿ ಫಿಡ್ಲ್ ಮಾದರಿ. ಎಲ್ಲವೂ 1822 ಅನ್ನುತ್ತಿವೆ. ಜಾರ್ಜಿಯನ್ ಹೌದು, ಆದರೆ ನಲವತ್ತು ವರ್ಷ ಈಚಿನದು.

ಬೇರೆ ಊರಿನ ಅಕ್ಷರವನ್ನು ಹೀಗೆ ಬೆರಳೆಣಿಸಬೇಡಿ. ಷೆಫೀಲ್ಡ್ 1824ಕ್ಕೆ ಮುಂಚೆ ಅಕ್ಷರಮಾಲೆಯ ಕ್ರಮವನ್ನೇ ಪಾಲಿಸುತ್ತಿರಲಿಲ್ಲ, ಮನಬಂದ ಹಾಗೆ ಆರಿಸುತ್ತಿತ್ತು. ಪಟ್ಟಿ ತೆಗೆದು ನೋಡಿ.

ಹಂತ 6: ಮುದ್ರೆ ಇರುವ ಜಾಗ ಸರಿಯಿದೆಯಾ?

ಚಮಚಗಳಲ್ಲಿ 1780ರ ಆಸುಪಾಸಿನವರೆಗೆ ಮುದ್ರೆ ಬಟ್ಟಲಿನ ಹತ್ತಿರ, ಹಿಡಿಯ ಸಣ್ಣ ಭಾಗದಲ್ಲಿ ಇರುತ್ತದೆ. ಆಮೇಲೆ ತುದಿಯ ಕಡೆಗೆ ಹೋಯಿತು. ಆ ಹಳೇ ಜಾಗದಲ್ಲಿ ಒತ್ತಿದ ಮೇಲೆ ಹಿಡಿಯನ್ನು ಮತ್ತೆ ಬಡಿದು ಸರಿಮಾಡುತ್ತಿದ್ದರು, ಹಾಗಾಗಿ ಮುದ್ರೆ ಸೊಟ್ಟಗಾಗಿದ್ದರೆ ಅದು ಸಹಜ. ಅಲ್ಲಿ ನೀಟಾಗಿ, ಚೂಪಾಗಿ ಕೂತಿದ್ದರೇ ವಿಚಿತ್ರ.

ಟೀ ಪಾಟ್, ಕಾಫಿ ಪಾಟ್ ಆದರೆ ಮುಚ್ಚಳದ ಒಳಗೂ ನೋಡಿ. ಎಲ್ಲ ಮುದ್ರೆ ಇರಬೇಕಿಲ್ಲ, ಸಿಂಹವಾದರೂ ಇರಬೇಕು, ಮಾಡಿದವರ ಗುರುತು ಇದ್ದರೆ ಮೈ ಮೇಲಿನದಕ್ಕೇ ಹೊಂದಬೇಕು. 1730ರ ಟೀ ಪಾಟಿನ ತಳದಲ್ಲಿ ಮುದ್ರೆ ಚದುರಿದ ಹಾಗಿರೋದು ವಾಡಿಕೆ. ಚಮಚದ ಮೇಲಿನ ಹಾಗೆ ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಇದ್ದರೆ ಊದಿ ನೋಡಿ. 1720ರಿಂದ 1758ರವರೆಗೆ ಔನ್ಸಿಗೆ ಆರು ಪೆನ್ಸ್ ತೆರಿಗೆ ಇತ್ತು. ಅದನ್ನು ಉಳಿಸಲು ಕೆಲವು ಅಕ್ಕಸಾಲಿಗರು ಒಂದು ಸಣ್ಣ ವಸ್ತುವಿಗೆ ಮುದ್ರೆ ಹಾಕಿಸಿ, ಆ ತುಂಡು ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆಯುತ್ತಿದ್ದರು. ಕಳ್ಳತನವೂ ಜಾರ್ಜಿಯನ್ ಕಾಲದ್ದೇ! ಈಚಿನವರೂ ಅದೇ ಉಪಾಯ ಮಾಡುತ್ತಾರೆ, ತೆರಿಗೆಗಲ್ಲ, ನಿಮ್ಮ ದುಡ್ಡಿಗೆ.

ಎರಕ ಹೊಯ್ದ ನಕಲು ಇನ್ನೊಂದು ಬಗೆ. ಅಸಲಿ ಮುದ್ರೆ ಉಕ್ಕಿನ ಅಚ್ಚಿನಿಂದ ಬಡಿದದ್ದು, ಅಂಚು ಚೂಪು. ಎರಕದ್ದು ಸೋಪಿನ ಮೇಲಿನ ಅಕ್ಷರದ ಹಾಗೆ ಮೆತ್ತಗೆ, ತಳದಲ್ಲಿ ರವೆ ರವೆ. ಆರು ಚಮಚದ ಸೆಟ್ ಇದ್ದರೆ ಪಕ್ಕಪಕ್ಕ ಇಟ್ಟು ನೋಡಿ. ಆರರಲ್ಲೂ ಮುದ್ರೆ ಕೂದಲೆಳೆಯಷ್ಟೂ ಆಚೀಚೆ ಆಗದೆ, ಒಂದೇ ಜಾಗದಲ್ಲಿ ಒಂದೇ ಗೀರು ಇದ್ದರೆ ಒಂದೇ ತಾಯಚ್ಚಿನಿಂದ ಬಂದವು.

ಫೋರ್ಕ್‌ಗಳಲ್ಲಿ ಹೆಚ್ಚು ಎಚ್ಚರ. ಹಳೇ ಫೋರ್ಕ್ ಸಿಗೋದು ಚಮಚಕ್ಕಿಂತ ಕಡಿಮೆ, ಅದಕ್ಕೇ ಚಮಚದ ಬಟ್ಟಲು ಕತ್ತರಿಸಿ ಮುಳ್ಳು ಮಾಡುತ್ತಾರೆ. ಮುಳ್ಳು ತಗಡಿನ ಹಾಗೆ ತೆಳ್ಳಗಿದ್ದರೆ ಬಿಡಿ.

ನಮ್ಮ ದೇಶದಲ್ಲಿ ಹುಡುಕುವವರಿಗೊಂದು ಮಾತು. ಬ್ರಿಟಿಷರ ಕಾಲದಲ್ಲಿ ಕಲ್ಕತ್ತ, ಮದರಾಸಿನ ಅಂಗಡಿಗಳೂ ಕ್ಯಾಂಟನ್ನಿನ ಚೀನೀ ಅಕ್ಕಸಾಲಿಗರೂ ಇಂಗ್ಲಿಷ್ ಮಾದರಿಯ ಬೆಳ್ಳಿ ಮಾಡಿ, ಲಂಡನ್ ಮುದ್ರೆಯನ್ನು ಹೋಲುವ ಗುರುತು ಒತ್ತುತ್ತಿದ್ದರು. ಅದು ಮೋಸದ ಮಾಲು ಅಂತಲ್ಲ, ಅದಕ್ಕೆ ಬೇರೆಯೇ ಗಿರಾಕಿಗಳಿದ್ದಾರೆ. ಆದರೆ ಲಂಡನ್ ಪಟ್ಟಿಯಲ್ಲಿ ಅದನ್ನು ಹುಡುಕುತ್ತಾ ಕೂತರೆ ರಾತ್ರಿ ಕಳೆಯುತ್ತದೆ, ಅಷ್ಟೆ.

ಹಂತ 7: ತೂಗಿ

ಒಳ್ಳೆ ಪಾತ್ರೆಗಳ ತಳದಲ್ಲಿ ಎಷ್ಟೋ ಸಲ ಮೊಳೆಯಲ್ಲಿ ಗೀಚಿದ ಹಾಗೆ ಅಂಕಿ ಇರುತ್ತದೆ. ಅದು ಅಂದಿನ ತೂಕ. '14=10' ಅಂದರೆ 14 ಟ್ರಾಯ್ ಔನ್ಸ್, 10 ಪೆನ್ನಿವೇಟ್. ಒಂದು ಔನ್ಸಿಗೆ 31.1 ಗ್ರಾಂ, ಇಪ್ಪತ್ತು ಪೆನ್ನಿವೇಟ್‌ಗೆ ಒಂದು ಔನ್ಸ್. ಹದಿನಾಲ್ಕೂವರೆಗೆ ಗುಣಿಸಿ, ಸುಮಾರು 451 ಗ್ರಾಂ ಬರಬೇಕು.

ತಕ್ಕಡಿ 440 ತೋರಿಸಿದರೆ ಸವೆತ, ಪರವಾಗಿಲ್ಲ. 400ಕ್ಕೆ ಇಳಿದರೆ ಏನೋ ಕಿತ್ತಿದ್ದಾರೆ, ಅಥವಾ ಹಳೇ ಲಾಂಛನ ಉಜ್ಜಿ ತೆಗೆದಿದ್ದಾರೆ. ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಡಬ್ಬದ ಮುಚ್ಚಳದ ಹಾಗೆ ಬಗ್ಗುತ್ತದೆ. ಮೆಲ್ಲಗೆ ಒತ್ತಿ, ನಗ್ಗಿದರೆ ನಿಮ್ಮ ತಲೆಗೇ. ಇನ್ನು 480 ಬಂದರೆ? ಬೆಳ್ಳಿ ತಾನಾಗಿ ಬೆಳೆಯೋದಿಲ್ಲ ಅಲ್ವಾ, ಯಾರೋ ಏನೋ ಸೇರಿಸಿದ್ದಾರೆ.

ಮೇಣದಬತ್ತಿ ಕಂಬ, ಚಾಕುವಿನ ಹಿಡಿ ತೂಗಿ ಪ್ರಯೋಜನವಿಲ್ಲ. ಬಹಳಷ್ಟರಲ್ಲಿ ತೆಳು ಬೆಳ್ಳಿಯೊಳಗೆ ರಾಳ ತುಂಬಿರುತ್ತಾರೆ.

ಹಂತ 8: ಮನೆಗೆ ತಂದ ಮೇಲೆ

ಒಮ್ಮೆ ಊರಿಂದ ಅಮ್ಮ ಬಂದಿದ್ದಾಗ, ನಾನು ಆಫೀಸಿಗೆ ಹೋದ ಹೊತ್ತಲ್ಲಿ, ನನ್ನ ಒಂದು ಉಪ್ಪಿನ ಬಟ್ಟಲಿಗೆ ವಿಭೂತಿ ಹಾಕಿ ತಿಕ್ಕಿ ಥಳಥಳ ಮಾಡಿಟ್ಟಿದ್ದರು. "ಎಷ್ಟು ಕಪ್ಪಾಗಿತ್ತೋ, ನೋಡೋಕಾಗ್ತಿರ್ಲಿಲ್ಲ ಮಗಾ." ಕೆತ್ತನೆಯ ಗೆರೆಗಳಲ್ಲಿ ಕೂತಿದ್ದ ಕಪ್ಪೆಲ್ಲ ಹೋಗಿ, ಎಲೆ ಯಾವುದು ಹಿನ್ನೆಲೆ ಯಾವುದು ತಿಳಿಯದ ಹಾಗಾಗಿತ್ತು. ಏನಂತ ಹೇಳೋದು? ಸುಮ್ನೆ ನಕ್ಕೆ.

ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್, ಪಾತ್ರೆ ತೊಳೆಯುವ ಪುಡಿ ಯಾವುದೂ ಬೇಡ. ಪುಡಿಗಳು ಒಂದೊಂದು ಸಲಕ್ಕೂ ಕೂದಲಷ್ಟು ಬೆಳ್ಳಿ ಉಜ್ಜುತ್ತವೆ, ಮೊದಲು ಹೋಗುವುದು ಮುದ್ರೆಯೇ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯ ಬೆಳ್ಳಿ ಸವೆಸದಿದ್ದರೂ ಗೆರೆಯೊಳಗಿನ ಕಪ್ಪನ್ನೂ ತೆಗೆದುಬಿಡುತ್ತದೆ. ಉಗುರುಬೆಚ್ಚಗಿನ ನೀರು, ಎರಡು ಹನಿ ಸೌಮ್ಯವಾದ ಸೋಪು, ಹತ್ತಿ ಬಟ್ಟೆ, ತಕ್ಷಣ ಒರೆಸುವುದು. ತೀರಾ ಕಪ್ಪಾದರೆ ಬೆಳ್ಳಿಗೆಂದೇ ಸಿಗುವ ಬಟ್ಟೆಯಲ್ಲಿ, ಮುದ್ರೆಯ ಜಾಗ ಬಿಟ್ಟು. ರಾಳ ತುಂಬಿದ್ದನ್ನು ಬಿಸಿನೀರಲ್ಲಿ ನೆನೆಸಿದರೆ ರಾಳ ಕರಗಿ ಹಿಡಿ ಕಳಚುತ್ತದೆ.

ಬಳಸಿ, ಪರವಾಗಿಲ್ಲ, ಚಮಚ ಇರೋದೇ ಊಟಕ್ಕೆ. ಉಪ್ಪು ಮಾತ್ರ ಬೆಳ್ಳಿಯನ್ನು ತಿನ್ನುತ್ತದೆ, ಅದಕ್ಕೇ ಹಳೇ ಉಪ್ಪಿನ ಬಟ್ಟಲಿಗೆ ನೀಲಿ ಗಾಜಿನ ಒಳಬಟ್ಟಲು ಅಥವಾ ಒಳಗೆ ಚಿನ್ನದ ಮುಲಾಮು ಇರುತ್ತದೆ. ಊಟ ಮುಗಿದ ಕೂಡಲೇ ಉಪ್ಪು ತೆಗೆಯಿರಿ. ಮೊಟ್ಟೆ ತಗಲಿದರೆ ಕಪ್ಪಾಗುತ್ತದೆ. ಕಟ್ಟಿಡುವಾಗ ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ರಬ್ಬರಿನ ಗಂಧಕ ಬೆಳ್ಳಿಯ ಮೇಲೆ ಬರೆ ಎಳೆದ ಹಾಗೆ ಗುರುತು ಬಿಡುತ್ತದೆ.

ಹಂತ 9: ಊರಿಗೆ ಒಯ್ಯುವ ಯೋಚನೆ ಇದ್ದರೆ

ಸಿಹಿತಿಂಡಿಯ ಚಾಕುಗಳ ಹಿಡಿ, ಬೆಳ್ಳಿ ಹಿಡಿಯ ಟೀ ಪಾಟಿನಲ್ಲಿ ಬಿಸಿ ತಡೆಯಲು ಕೂರಿಸಿದ ಪುಟ್ಟ ಬಿಳಿ ಬಿಲ್ಲೆಗಳು, ಇವು ಆನೆದಂತ ಆಗಿರಬಹುದು. ಹಸಿರು ಬಣ್ಣ ಹಾಕಿದ ದಂತವೂ ಇದೆ. ಇಂಗ್ಲೆಂಡಿನಲ್ಲಿ 2018ರ ಐವರಿ ಕಾಯ್ದೆ 2022ರಲ್ಲಿ ಜಾರಿಗೆ ಬಂದ ಮೇಲೆ ಕೆಲವು ವಿನಾಯಿತಿ ಬಿಟ್ಟು ದಂತದ ಮಾರಾಟವೇ ನಿಷಿದ್ಧ. 1947ಕ್ಕಿಂತ ಹಳೆಯದಾಗಿ ದಂತದ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ನೋಂದಾಯಿಸಿ ಮಾರಬಹುದು. ಹಾಗಾಗಿ ಕೊಳ್ಳುವ ಮುಂಚೆ ನೋಂದಣಿ ಕಾಗದ ಕೇಳಿ. ಭಾರತದಲ್ಲಿ ದಂತದ ವ್ಯಾಪಾರ ಪೂರ್ತಿ ನಿಷಿದ್ಧ, ಅದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯುವ ಸಾಹಸ ಬೇಡ. ಮರದ ಹಿಡಿಯದ್ದನ್ನು ಆರಿಸಿ.

ಇನ್ನು ಉಲ್ಟಾ ದಾರಿ. ನೂರು ವರ್ಷ ದಾಟಿದ ಇಂಥ ವಸ್ತುಗಳು ನಮ್ಮಲ್ಲಿ 1972ರ ಪುರಾತನ ವಸ್ತು ಕಾಯ್ದೆಯ ಕೆಳಗೆ ಬರುತ್ತವೆ, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಬೆಂಗಳೂರಿನ ಮನೆಗೆ ತಂದ ಮೇಲೆ "ಬೇಡ ಅನ್ನಿಸಿದರೆ ವಾಪಸ್ ಲಂಡನ್ನಿನಲ್ಲಿ ಮಾರಿದರಾಯ್ತು" ಅಂದುಕೊಂಡಿದ್ದರೆ, ಅದನ್ನು ಹೊರಡುವ ಮುಂಚೆ ಇಂಗ್ಲೆಂಡಿನಲ್ಲೇ ಮಾರಿ ಬರಿಗೈಯಲ್ಲಿ ವಿಮಾನ ಹತ್ತಿ.